ಅಪಾರ ಬಂಧುಬಳಗ

ಮಾವ ಹಜಾರದಲ್ಲಿ ಕೂತು ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ ಹೊತ್ತಿನಲ್ಲೇ, ಅವರು ತೀರಿಕೊಂಡ ಸುದ್ದಿ ಬಚ್ಚಲುಮನೆಯಿಂದ ಕೇಳಿಬಂತು.

"ನಗರದ ಹಿರಿಯ ಕನ್ನಡಕ ವ್ಯಾಪಾರಿ ಇಂದು ಬೆಳಗ್ಗೆ ಸ್ವಗೃಹದಲ್ಲಿ ನಿಧನರಾದರು. ಅವರಿಗೆ ಎಪ್ಪತ್ತೊಂಬತ್ತು ವರ್ಷ ವಯಸ್ಸಾಗಿತ್ತು. ಯಾರ ನೆರವೂ ಇಲ್ಲದೆ, ಸ್ವಂತ ಪರಿಶ್ರಮದಿಂದ ಅಂಗಡಿ ಕಟ್ಟಿ ಬೆಳೆಸಿದ ಮೃತರು ಪುತ್ರ, ಸೊಸೆ, ಮೊಮ್ಮಗಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ದನಿ ಮಗಳದ್ದು. ಆದರೆ ಟವೆಲ್ಲು ಮರೆತು ಕೂಗುವ ದಿನನಿತ್ಯದ ದನಿಯಲ್ಲ. ಸುದ್ದಿ ಓದುವವರ, ಇಸ್ತ್ರಿ ಹಾಕಿದಂಥ ದನಿ. ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಿದ್ದ ಅವಳಮ್ಮ ಸೂಜಿಯಮ್ಮನ ಕೈ ಹಾಗೇ ನಿಂತಿತು.

ಸೂಜಿಯಮ್ಮ ಅನ್ನುವುದು ರಕ್ತಪರೀಕ್ಷೆಯ ಲ್ಯಾಬಿಗೆ ಬರುವವರು ಅವಳಿಗಿಟ್ಟ ಹೆಸರು. ಅಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. 'ಬೆಳಗ್ಗೆಯಿಂದ ತೊಟ್ಟು ನೀರೂ ಕುಡಿದಿಲ್ಲ' ಎನ್ನುವವರ ಮುಖ ನೋಡಿದರೆ ಸಾಕು, ಬರುವ ದಾರಿಯಲ್ಲಿ ಬನ್ನು ತಿಂದಿದ್ದಾರೋ ಇಲ್ಲವೋ ಹೇಳಬಲ್ಲಳು. ಜನ ಸುಳ್ಳು ಹೇಳುತ್ತಾರೆ, ತಮ್ಮ ಹೊಟ್ಟೆಯ ವಿಷಯದಲ್ಲಂತೂ ಹೇಳಿಯೇ ಹೇಳುತ್ತಾರೆ ಎಂಬುದು ಅವಳು ಆ ಕುರ್ಚಿಯ ಪಕ್ಕ ನಿಂತು ಕಲಿತ ಪಾಠ. ಆ ಪಾಠವನ್ನು ಮನೆಗೂ ಹೊತ್ತು ತರುತ್ತಾಳೆ ಎಂದು ಗಂಡ ಗೊಣಗುತ್ತಿದ್ದ.

ಅವಳು ಹಜಾರಕ್ಕೆ ಇಣುಕಿದಳು. ಮಾವನ ಕೈಯ ಬ್ರೆಡ್ಡು ಮೆತ್ತಗಾಗಿ ಲೋಟದೊಳಗೆ ಬಿದ್ದಿತ್ತು. ಹೋದ ತಿಂಗಳಷ್ಟೇ ಅವರ ಕಿವಿಗೆ ಹೊಸ ಯಂತ್ರ ಹಾಕಿಸಿದ್ದರು.

"ಯಾರಮ್ಮ ಸತ್ತಿದ್ದು?" ಎಂದರು.

"ಯಾರೋ... ರೇಡಿಯೋದಲ್ಲಿ, ಮಾವ."

"ನಮ್ಮನೇಲಿ ರೇಡಿಯೋ ಎಲ್ಲಿದೆ?"

ಮಗಳು ತಲೆಗೆ ಟವೆಲ್ಲು ಸುತ್ತಿಕೊಂಡು ಹೊರಬಂದದ್ದೇ ತಡ, ಸೂಜಿಯಮ್ಮ ಅವಳನ್ನು ಕೋಣೆಗೆ ಎಳೆದುಕೊಂಡು ಹೋದಳು. "ಏನೇ ಅದು ಅಪಶಕುನ? ಅಜ್ಜನ ಕಿವಿಗೆ ಬಿತ್ತು!"

"ಅಯ್ಯೋ, ಕ್ಲಾಸಿನ ಕೆಲಸ ಅಮ್ಮ. ದೊಡ್ಡೋರು ಸತ್ತರೆ ಬರೆಯೋ ಸುದ್ದೀನ ಪೇಪರ್‌ನೋರು ಮೊದಲೇ ಬರೆದಿಟ್ಟಿರ್ತಾರೆ. ಅದಕ್ಕೇ ತರಬೇತಿ. ಬದುಕಿರೋರ ಮೇಲೇ ಬರೀಬೇಕು."

"ಊರು ತುಂಬ ಜನ ಬದುಕಿದ್ದಾರೆ. ಅಜ್ಜನೇ ಬೇಕಾಗಿತ್ತಾ?"

"ಅಪ್ಪಂದು ಬರಿಯೋಣ ಅಂತ ಕೂತೆ. ಎರಡು ಸಾಲಿಗೆ ಮುಗಿದುಹೋಯ್ತು."

ಸೂಜಿಯಮ್ಮ ಮಗಳ ಮುಖವನ್ನೇ ನೋಡಿದಳು. ಬನ್ನು ತಿಂದವಳ ಮುಖವಲ್ಲ ಅನಿಸಿತು. ಆದರೂ, ಹೋದ ವಾರ ಅಜ್ಜನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಇವಳೇ. ಅಲ್ಲಿ ಬೇರೆ ಏನಾದರೂ ಹೇಳಿದ್ದರೆ?

ಮಗಳು ಪದವಿ ಮುಗಿಸಿ ಪತ್ರಿಕೋದ್ಯಮದ ಶಾಲೆ ಸೇರಿ ನಾಲ್ಕು ತಿಂಗಳಾಗಿತ್ತು. ಒಂದು ವರ್ಷದ ಕೋರ್ಸು. ಮೂರು ಮಹಡಿಯ ಕಟ್ಟಡ, ಮೇಲೆ ಸ್ಟುಡಿಯೋ, ನಡುವೆ ನಿಜವಾದ ಸುದ್ದಿಮನೆಯಂತೆಯೇ ಮೇಜು ಜೋಡಿಸಿದ ಉದ್ದನೆಯ ಹಾಲು. ಒಂದು ವಾರ ಕೋರ್ಟಿಗೆ ಕಳಿಸುತ್ತಿದ್ದರು, ಒಂದು ವಾರ ಆಸ್ಪತ್ರೆಗೆ, ಇನ್ನೊಂದು ವಾರ ಬರೀ ಉಸಿರು ಹಿಡಿದು ಓದುವ ಅಭ್ಯಾಸ. "ಅಂಗಡೀಲಿ ಕೂತ್ಕೊಂಡು ಗಿರಾಕಿ ನೋಡ್ಕೋ ಅಂದ್ರೆ, ಪೇಪರ್ ಸೇರ್ತಾಳಂತೆ. ಪೇಪರ್ ಓದೋರೇ ಇಲ್ಲ, ಬರೆದು ಯಾರಿಗೆ ಕೊಡ್ತಾಳೆ?" ಎಂದು ಅವಳಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವನು ಅಪ್ಪನ ಕನ್ನಡಕದ ಅಂಗಡಿಯನ್ನೇ ನಡೆಸಿಕೊಂಡು ಬಂದವನು.

ಮರುದಿನ ಸೂಜಿಯಮ್ಮ ಲ್ಯಾಬಿಗೆ ಹೊರಡುವ ಮುಂಚೆ ಮಾವನ ತೋಳಿಗೆ ಪಟ್ಟಿ ಬಿಗಿದಳು.

"ಇದ್ಯಾಕಮ್ಮ ಈಗ?"

"ಸುಮ್ನೆ ಮಾವ. ಒಂದು ಸಲ ನೋಡಿಬಿಡೋಣ ಅಂತ."

"ಸುಮ್ಮನೆ ಯಾರೂ ರಕ್ತ ತೆಗೆಯಲ್ಲ," ಎಂದರು ಮಾವ.

ಫಲಿತಾಂಶದಲ್ಲಿ ಏನೂ ಇರಲಿಲ್ಲ. ಸಕ್ಕರೆಯಂತೂ ಮಗನದಕ್ಕಿಂತ ಚೆನ್ನಾಗಿತ್ತು. ಆದರೆ ಅನುಮಾನ ಅನ್ನುವುದು ಸೀನಿನ ಹಾಗೆ, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಸೊಸೆ ರಕ್ತ ತೆಗೆದಳು, ಮೊಮ್ಮಗಳು ಬಚ್ಚಲಲ್ಲಿ ಸಾವು ಓದಿದಳು, ಮಗ ಎಂದೂ ಇಲ್ಲದವನು 'ಊಟ ಸೇರ್ತಾ ಅಪ್ಪ?' ಎಂದು ಕೇಳಿದ. ಮಾವ ಲೆಕ್ಕ ಕೂಡಿಸಿದರು. ಆ ವಾರದ ಕೊನೆಯಲ್ಲಿ ತಟ್ಟೆ ಸರಿಸಿ ಎದ್ದು ನಿಂತರು. "ನಂಗೆಷ್ಟು ದಿನ ಇದೆ ಅಂತ ಹೇಳಿಬಿಡಿ. ಕಳ್ಳಾಟ ಬೇಡ."

ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾವ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದರು, ಆಮೇಲೆ ಕೂತರು.

"ಏನೇನು ಬರೆದಿದ್ದೀಯ? ಓದು ನೋಡೋಣ."

ಅವಳು ಓದಿದಳು. 'ಯಾರ ನೆರವೂ ಇಲ್ಲದೆ, ಸ್ವಂತ ಪರಿಶ್ರಮದಿಂದ' ಎಂಬಲ್ಲಿ ಮಾವ ಕಣ್ಣು ಮುಚ್ಚಿ ತಲೆಯಾಡಿಸಿದರು. "ಅದನ್ನ ಸ್ವಲ್ಪ ಮೇಲೆ ತಗೋ," ಎಂದರು. "ಮೊದಲ ಸಾಲಿಗೇ ಬರಲಿ."

ಅಲ್ಲಿಂದ ಒಂದು ವಾರ ಮನೆಯಲ್ಲಿ ಸಾವಿನದೇ ಸಡಗರ. ಮಾವ ಹಳೆಯ ಫೋಟೋ ಹುಡುಕಿ ಕೊಟ್ಟರು. ಒಬ್ಬನೇ ರಾತ್ರಿಹಗಲು ಗಾಜು ಉಜ್ಜಿ, ಒಬ್ಬನೇ ಗಿರಾಕಿ ನೋಡಿ, ಅಂಗಡಿಯಲ್ಲೇ ಮಲಗಿ ಮೇಲೆ ಬಂದ ಕತೆ ಹೇಳಿದರು. ಈಗಿನ ಹಾಗೆ ಆಗ ಗಾಜು ತಯಾರಾಗಿ ಬರುತ್ತಿರಲಿಲ್ಲ, ಒಂದೊಂದನ್ನೂ ಕೈಯಲ್ಲೇ ಉಜ್ಜಿ ಹದಕ್ಕೆ ತರಬೇಕಾಗಿತ್ತು. ಆ ಕತೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಮಗಳು ಬರೆದುಕೊಂಡಳು.

ಮುಂದಿನ ವಾರ ಅವಳು ಶಾಲೆಯಿಂದ ಸಪ್ಪೆ ಮುಖ ಹಾಕಿಕೊಂಡು ಬಂದಳು. ಸೂಜಿಯಮ್ಮ ಎಲೆಕೋಸು ಹೆಚ್ಚುತ್ತಿದ್ದಳು.

"ಕತ್ತರಿ ಮೇಡಂ ವಾಪಸ್ ಕೊಟ್ರಮ್ಮ."

ಕತ್ತರಿ ಮೇಡಂ ಎಂದರೆ ಪತ್ರಿಕೆಯೊಂದರ ಸಂಪಾದಕೀಯ ಮೇಜಿನಲ್ಲೇ ಕೂದಲು ನರೆಸಿಕೊಂಡು, ಈಗ ಅಲ್ಲಿ ಪಾಠ ಮಾಡುವಾಕೆ. ಹೆಸರು ವಿದ್ಯಾರ್ಥಿಗಳು ಇಟ್ಟದ್ದು.

"ಏನಂತೆ ತಪ್ಪು?"

"'ಅಪಾರ ಬಂಧುಬಳಗ'ಕ್ಕೆ ಗೆರೆ ಎಳೆದ್ರು. ಅಪಾರ ಅಂದ್ರೆ ಎಷ್ಟು ಜನ, ಎಣಿಸಿಕೊಂಡು ಬಾ ಅಂದ್ರು. 'ಯಾರ ನೆರವೂ ಇಲ್ಲದೆ' ಅಂತ ಯಾರು ಹೇಳಿದ್ರು ಅಂತ ಕೇಳಿದ್ರು. ಅಜ್ಜನೇ ಹೇಳಿದ್ರು ಅಂದೆ. ಹಾಗಾದ್ರೆ ಇದು ಸುದ್ದಿ ಅಲ್ಲ, ಜಾಹೀರಾತು ಅಂದ್ರು. ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಇಬ್ಬರು ಒಂದೇ ಮಾತು ಹೇಳಬೇಕಂತೆ. ಆಮೇಲೆ ಯಾರ ಮೇಲೆ ಬರೀತೀವೋ ಅವರನ್ನೂ ಎದುರಿಗೆ ಕೂರಿಸಿ ಕೇಳಬೇಕಂತೆ."

ಆ ಸಂಜೆ ಊಟಕ್ಕೆ ಕೂತಾಗ ಮಗಳು ತಟ್ಟೆಯ ಪಕ್ಕ ಪೆನ್ನು ಇಟ್ಟುಕೊಂಡಳು. "ಅಜ್ಜ, ನಿಮಗೆ ಒಡಹುಟ್ಟಿದವರು ಎಷ್ಟು ಜನ?"

ಮಾವ ತುತ್ತು ಅಲ್ಲೇ ಬಿಟ್ಟರು. "ಯಾರಿಗೆ?"

"ನಿಮಗೆ."

"ಇಷ್ಟು ವರ್ಷ 'ನೀನು' ಅಂತಿದ್ದೋಳು ಈಗ 'ನೀವು' ಅಂತಾಳೆ. ಏನಮ್ಮ ಇದು, ಪೊಲೀಸ್ ಠಾಣೇನಾ?"

"ಪ್ರಶ್ನೆ ಕೇಳುವಾಗ ಎಲ್ಲರಿಗೂ 'ನೀವು' ಅನ್ನಬೇಕಂತೆ ಅಜ್ಜ. ಎಷ್ಟು ಜನ?"

"ಯಾರೂ ಇಲ್ಲ. ನಾನೊಬ್ಬನೇ." ಮಾವ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು ಊಟ ಮುಂದುವರಿಸಿದರು.

ಗಂಡನ ಚಮಚ ತಟ್ಟೆಗೆ ಬಡಿದ ಸದ್ದು ಸೂಜಿಯಮ್ಮನ ಗಮನಕ್ಕೆ ಬಂತು. ಪಾತ್ರೆ ತೊಳೆಯುವಾಗ ಅವನು ತಾನಾಗಿಯೇ ಬಂದು ಒರೆಸುವ ಬಟ್ಟೆ ಹಿಡಿದು ನಿಂತ. ಎಂದೂ ಬರುವವನಲ್ಲ.

"ಏನ್ರೀ?"

"ಏನಿಲ್ಲ. ನಾನು ಚಿಕ್ಕೋನಿದ್ದಾಗ ಒಬ್ಬರು ಅತ್ತೆ ಇದ್ರು. ಅಪ್ಪನ ಅಕ್ಕ. ನನ್ನ ಅಂಗಡಿಯ ಕಟ್ಟೆ ಮೇಲೆ ಕೂರಿಸ್ತಿದ್ರು. ಆಮೇಲೆ ತೀರಿಕೊಂಡ್ರು ಅಂತ ಅಪ್ಪ ಹೇಳಿದ್ರು. ಅಪ್ಪಂಗೆ ಮರೆತಿರಬೇಕು."

"ಒಡಹುಟ್ಟಿದೋರನ್ನ ಮರೀತಾರಾ?"

"ನಿಂಗೆ ಎಲ್ಲದರಲ್ಲೂ ಅನುಮಾನ," ಎಂದು ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ.

ಸೂಜಿಯಮ್ಮ ತನಗೆ ಗೊತ್ತಿದ್ದುದನ್ನು ಬಾಯಿ ಬಿಡಲಿಲ್ಲ. ಅವಳ ಮದುವೆಯ ದಿನ ಒಬ್ಬ ಹೆಂಗಸು ಬಂದಿದ್ದಳು. ದಪ್ಪ ಕನ್ನಡಕ, ಕಂದುಬಣ್ಣದ ಸೀರೆ. ನೇರ ಮದುಮಗಳ ಹತ್ತಿರ ಬಂದು ಗದ್ದ ಹಿಡಿದೆತ್ತಿ, "ಎಡಗಣ್ಣಿಗೆ ಸ್ವಲ್ಪ ನಂಬರಿದೆ, ತೋರಿಸ್ಕೋ," ಎಂದಿದ್ದಳು. ಈಗ ತೀರಿಕೊಂಡಿರುವ ಅವಳ ಅತ್ತೆ, ಗಂಡನ ತಾಯಿ, ಓಡಿ ಬಂದು ಆ ಹೆಂಗಸನ್ನು ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋಗಿ, ಅಲ್ಲೇ ಊಟಕ್ಕೆ ಹಾಕಿ ಕಳಿಸಿದ್ದರು. "ಯಾರೋ ಬೀದಿಯವಳು, ತಲೆ ಸರಿ ಇಲ್ಲ, ಕೇಳಬೇಡ," ಎಂದಿದ್ದರು. ಹೊಸ ಸೊಸೆ ಕೇಳಲಿಲ್ಲ. ಒಂದು ತಿಂಗಳ ಮೇಲೆ ಗಂಡನ ಅಂಗಡಿಯಲ್ಲೇ ಕಣ್ಣು ನೋಡಿಸಿದಾಗ ಎಡಗಣ್ಣಿಗೆ ನಂಬರಿತ್ತು. ತಲೆ ಸರಿ ಇಲ್ಲದವಳಿಗೆ ಅದು ಹೇಗೆ ಗೊತ್ತಾಯಿತು ಎಂದು ಆಗಲೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಮಗಳು ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ ಲೈಬ್ರರಿ ಎನ್ನುತ್ತಿದ್ದಳು. ಫೋನು ಬಂದರೆ ಬಾಲ್ಕನಿಗೆ ಹೋಗುತ್ತಿದ್ದಳು. ಯಾವನಾದರೂ ಹುಡುಗನಿರಬೇಕು ಎಂದು ಸೂಜಿಯಮ್ಮ ಎಣಿಸಿದಳು. ಹಾಗಿದ್ದರೆ ಎಷ್ಟೋ ವಾಸಿ ಎಂದೂ ಅನಿಸಿತು. ಆದರೆ ಬಟ್ಟೆ ಒಗೆಯಲು ಹಾಕುವಾಗ ಮಗಳ ಬಿಳಿ ಅಂಗಿಯ ತೋಳಿನ ತುದಿಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡಿತು. ತಿಕ್ಕಿದಷ್ಟೂ ಹರಡಿತು. ಗಂಡನಿಗೆ ತೋರಿಸಿದಳು.

ಅವನು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. "ಇದು ಗಾಜಿಗೆ ಹೊಳಪು ಕೊಡೋ ಪುಡಿ ಕಣೇ. ಈಗ ಯಾರು ಇಟ್ಕೊಂಡಿದ್ದಾರೆ ಇದನ್ನ? ಎಲ್ಲಿಗೆ ಹೋಗಿದ್ಲು ಇವಳು?"

ಸೂಜಿಯಮ್ಮ ಮಗಳನ್ನು ಬಾಲ್ಕನಿಯಲ್ಲಿ ಹಿಡಿದಳು. "ಲೈಬ್ರರೀಲಿ ಗಾಜು ಉಜ್ತಾರಾ?"

ಮಗಳು ಅಂಗಿ ನೋಡಿದಳು, ಅಮ್ಮನನ್ನು ನೋಡಿದಳು. "ಅಮ್ಮ, ನಿನ್ನ ಮದುವೆಗೆ ಅಜ್ಜನ ಅಕ್ಕ ಬಂದಿದ್ರಾ?"

"ನಂಗೇನು ಗೊತ್ತು? ಮದುವೆ ಅಂದ್ರೆ ನೂರು ಜನ ಬರ್ತಾರೆ. ಯಾರು ಹೇಳಿದ್ರು ನಿಂಗೆ?"

"ಪ್ರಶ್ನೆಗೆ ಪ್ರಶ್ನೇನೇ ಉತ್ತರ ಕೊಟ್ಟರೆ ಅಲ್ಲೇನೋ ಇದೆ ಅಂತ ಅರ್ಥ. ಅದನ್ನೂ ಹೇಳಿಕೊಟ್ಟಿದ್ದಾರೆ."

"ನಿಮ್ಮ ಶಾಲೇಲಿ ಹೆತ್ತೋರ ಮೇಲೆ ಬೇಹುಗಾರಿಕೆ ಮಾಡೋದನ್ನ ಬಿಟ್ಟು ಇನ್ನೇನಾದ್ರೂ ಕಲಿಸ್ತಾರಾ?"

ಆದರೂ ಅವಳು ಹೇಳಿದಳು. ಗದ್ದ, ಎಡಗಣ್ಣು, ಹಿಂದಿನ ಬಾಗಿಲು, ಎಲ್ಲ. ಮಗಳೂ ಹೇಳಿದಳು. ಫ್ರೇಮುಗಳ ಸಗಟು ವ್ಯಾಪಾರದ ಗಲ್ಲಿಯಲ್ಲಿ ಒಬ್ಬ ಹಳೆಯ ವ್ಯಾಪಾರಿ ಸಿಕ್ಕಿದ್ದ. 'ನಿಮ್ಮಜ್ಜಂಗೆ ಗಾಜು ಉಜ್ಜೋಕೆ ಎಲ್ಲಿ ಬರ್ತಿತ್ತು? ಅವನು ಗಲ್ಲಾಪೆಟ್ಟಿಗೆ ಮುಂದೆ ಕೂತು ನಗ್ತಿದ್ದ, ಅಷ್ಟೆ. ಅಂಗಡಿ ತೆಗೆದಿದ್ದೂ ಉಜ್ಜಿದ್ದೂ ಅವನ ಅಕ್ಕ' ಎಂದಿದ್ದ. ಆ ಅಕ್ಕ ಕಣ್ಣಾಸ್ಪತ್ರೆಯ ಹಿಂದಿನ ಬೀದಿಯಲ್ಲಿ ಇಂದಿಗೂ ಕನ್ನಡಕ ರಿಪೇರಿ ಮಾಡಿಕೊಂಡು ಇದ್ದಾಳೆ ಎಂದೂ ಹೇಳಿದ್ದ.

ರಜೆಯ ದಿನ ನಾಲ್ವರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಸೂಜಿಯಮ್ಮ ಬೇಕೆಂದೇ ಮಾವನಿಗಿಷ್ಟವಾದ ಹುರಿದ ಮೀನು ಮಾಡಿದ್ದಳು. ಮೀನಿನ ಮುಳ್ಳು ಬಿಡಿಸುವಾಗ ಮನುಷ್ಯ ಎದ್ದು ಹೋಗುವುದಿಲ್ಲ ಎಂಬ ಲೆಕ್ಕ.

"ಅಜ್ಜ, ನಿಮ್ಮ ಅಕ್ಕನ ವಿಷಯ ಕೇಳಬೇಕಿತ್ತು," ಎಂದಳು ಮಗಳು.

"ಸತ್ತು ಎಷ್ಟೋ ವರ್ಷ ಆಯ್ತು."

"ನಿನ್ನೆ ನಂಗೆ ಊಟ ಹಾಕಿದ್ರು, ಅಜ್ಜ."

ಮೊದಲು ಕೂಗಾಡಿದವನು ಗಂಡ. "ನೀನು ಅಲ್ಲಿಗೆ ಹೋಗಿದ್ಯಾ? ಯಾರನ್ನ ಕೇಳಿ ಹೋದೆ? ಬದುಕಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೋರು ಈಗ್ಯಾಕೆ ಬಿಟ್ರು? ಅಂಗಡಿ ಬಗ್ಗೆ ಏನಾದ್ರೂ ಕೇಳಿದ್ರಾ?"

"ಅಪ್ಪ, ನಿಮ್ಮ ಅತ್ತೆ ಬದುಕಿದ್ದಾರೆ ಅಂತ ಹೇಳ್ತಿದ್ದೀನಿ. ನೀವು ಅಂಗಡಿ ಅಂತಿದ್ದೀರಾ."

"ನಿಂಗೆ ಗೊತ್ತಾಗಲ್ಲ! ಯಾರೋ ನಿನ್ನ ಬಾಯಿಂದ ಆಡಿಸ್ತಿದ್ದಾರೆ."

"ಅವಳೇ ತಲೆ ಕೆಡಿಸಿದ್ದು," ಎಂದರು ಮಾವ. ಅವರ ಬೆರಳು ಸೊಸೆಯ ಕಡೆಗಿತ್ತು. "ಇವಳಿಗೆ ಮೊದಲಿಂದ ಗೊತ್ತು. ರಕ್ತ ತೆಗೆಯೋಳು. ಗಂಡ ಹೆಂಡ್ತಿ ಮಗಳು ಮೂರೂ ಜನ ಸೇರಿ ನಾನು ಯಾವಾಗ ಹೋಗ್ತೀನಿ ಅಂತ ಕಾಯ್ತಿದ್ದೀರಿ. ಕೊನೆಗೆ ಬರೆದೂ ಇಟ್ರಿ."

ಸೂಜಿಯಮ್ಮನಿಗೆ ರೇಗಿತು. "ನಿಮ್ಮನ್ನ ಒಂದು ದಿನ ಸತ್ತರು ಅಂತ ಓದಿದ್ದಕ್ಕೆ ನಿಮಗಿಷ್ಟು ಉರಿ ಬಂತಲ್ಲ ಮಾವ. ಅವರನ್ನ ನಲವತ್ತು ವರ್ಷದಿಂದ ಸಾಯಿಸಿದ್ದೀರಲ್ಲ?"

ಮಾವ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮೀನು ತಟ್ಟೆಯಲ್ಲೇ ಉಳಿಯಿತು.

ಅದಾದ ಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತಿಗಿಂತ ಚಿಲಕದ ಸದ್ದೇ ಹೆಚ್ಚು. ಮಾವ ಎಲ್ಲರೂ ಹೊರಟ ಮೇಲೆ ಎದ್ದು, ತಾವೇ ಬ್ರೆಡ್ಡು ಕೊಯ್ದುಕೊಂಡು ತಿನ್ನುತ್ತಿದ್ದರು. ಸೊಸೆ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆರೆಯುತ್ತಿರಲಿಲ್ಲ. ಗಂಡ ಅಂಗಡಿಯ ಕಾಗದಪತ್ರವೆಲ್ಲ ಒಂದು ಚೀಲಕ್ಕೆ ತುಂಬಿ ಮಂಚದ ಕೆಳಗಿಟ್ಟುಕೊಂಡ. ಮಗಳು ಆ ಕಡೆ ಈ ಕಡೆ ನೋಡದೆ ಬರೆಯುತ್ತಿದ್ದಳು. ಒಂದೇ ಮನೆಯಲ್ಲಿ ನಾಲ್ಕು ಬಾಡಿಗೆದಾರರಿದ್ದಂತೆ ಇತ್ತು.

ಸೂಜಿಯಮ್ಮನಿಗೆ ಒಂದು ಮಾತು ಕೊರೆಯುತ್ತಿತ್ತು. ಗಂಡನ ಮಾತು ಕೆಟ್ಟದ್ದೇ ಇರಬಹುದು, ಸುಳ್ಳೆಂದು ಹೇಗೆ ಹೇಳುವುದು? ಇಷ್ಟು ವರ್ಷ ಸುಮ್ಮನಿದ್ದ ಮುದುಕಿ ಹುಡುಗಿಗೆ ಊಟ ಹಾಕಿ ಕತೆ ಹೇಳುತ್ತಾಳೆಂದರೆ ಏನೋ ಬೇಕಾಗಿಯೇ ಇರಬೇಕು. ಒಂದು ಮಧ್ಯಾಹ್ನ ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ, ಬಸ್ಸು ಹತ್ತಿ ಕಣ್ಣಾಸ್ಪತ್ರೆಯ ಹಿಂದಿನ ಬೀದಿಗೆ ಹೋದಳು.

ಮೆಟ್ಟಿಲ ಕೆಳಗೆ ಕನ್ನಡಕದ ಚಿತ್ರ ಬಿಡಿಸಿದ ತಗಡಿನ ಹಲಗೆ. ಮೊದಲ ಮಹಡಿಯ ಬಾಗಿಲು ಸರಪಳಿಯಷ್ಟೇ ತೆರೆಯಿತು. ಸಂದಿಯಲ್ಲಿ ದಪ್ಪ ಕನ್ನಡಕದ ಹಿಂದೆ ದೊಡ್ಡದಾಗಿ ಕಾಣುವ ಎರಡು ಕಣ್ಣು.

"ಯಾರು?"

"ನಾನು... ನಿಮ್ಮ ತಮ್ಮನ ಸೊಸೆ."

"ಓ. ಎಡಗಣ್ಣು." ಮುದುಕಿ ಸರಪಳಿ ತೆಗೆಯಲಿಲ್ಲ. "ಯಾರು ಕಳಿಸಿದ್ದು, ಅವನಾ? ಯಾವುದಕ್ಕೆ ಸಹಿ ಹಾಕಿಸ್ಕೊಳ್ಳೋಕೆ ಬಂದೆ? ಚೀಲದಲ್ಲಿ ಏನಿದೆ, ತೋರಿಸು."

ಸೂಜಿಯಮ್ಮ ಚೀಲ ಬಿಚ್ಚಿ ತೋರಿಸಿದಳು. ಡಬ್ಬಿ, ಛತ್ರಿ, ಲ್ಯಾಬಿನ ಬಿಳಿ ಕೋಟು. "ಯಾರೂ ಕಳಿಸಿಲ್ಲ. ನಾನೂ ಅದನ್ನೇ ಕೇಳೋಕೆ ಬಂದೆ. ನಿಮಗೆ ಏನು ಬೇಕು?"

ಮುದುಕಿ ಸ್ವಲ್ಪ ಹೊತ್ತು ಅವಳನ್ನೇ ನೋಡಿ ಬಾಗಿಲು ತೆಗೆದಳು. "ಪರವಾಗಿಲ್ಲ. ನಿನ್ನ ಮಗಳು ಸುತ್ತು ಬಳಸಿ ಕೇಳಿದ್ಲು. ನೀನು ನೇರ ಕೇಳ್ತೀಯ."

ಕೋಣೆಯ ತುಂಬ ಬಿಚ್ಚಿದ ಫ್ರೇಮುಗಳು. ಕಿಟಕಿಯ ಹತ್ತಿರ ಪೆಡಲು ತುಳಿಯುವ ಉಜ್ಜುಯಂತ್ರ, ಅದರ ಸುತ್ತ ನೆಲವೆಲ್ಲ ಇಟ್ಟಿಗೆ ಬಣ್ಣ. ಮುದುಕಿ ಸ್ಟವ್ ಹಚ್ಚಿ ಚಹಾಕ್ಕೆ ನೀರಿಟ್ಟು, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಅಂಗಡಿ ಇಬ್ಬರೂ ಸೇರಿ ತೆಗೆದ್ವಿ. ಉಜ್ಜೋದು ನಾನು, ಮಾರೋದು ಅವನು. ಅವನ ಮದುವೆ ಆಯ್ತು, ಮಗು ಆಯ್ತು, ಮನೆ ಚಿಕ್ಕದಾಯ್ತು. ನನ್ನನ್ನ ಯಾರೋ ಹೆಂಡ್ತಿ ಸತ್ತೋನಿಗೆ ಕಟ್ಟೋಕೆ ನೋಡಿದ್ರು. ನಾನು ಒಲ್ಲೆ, ನಂಗೆ ಅಂಗಡಿ ಇದೆ ಅಂದೆ. ಒಂದು ದಿನ ಬೆಳಗ್ಗೆ ಹೋದ್ರೆ ಬೀಗ ಬದಲಾಗಿತ್ತು."

"ಆಮೇಲೆ?"

"ಆಮೇಲೇನು. ಬೀದಿ ಬೀದಿ ಅತ್ತೆ ಅಂತ ಕೂಗಿಕೊಂಡು ಹುಡುಕೋನು ನಿನ್ನ ಗಂಡ, ಐದು ವರ್ಷದ ಕೂಸು. ಅವನ ಬಾಯಿ ಮುಚ್ಚಿಸೋಕೆ ಸತ್ತೋದ್ಲು ಅಂದ್ರಂತೆ. ಅವನ ಮದುವೆ ಅಂತ ಕೇಳಿ ನೋಡೋಣ ಅಂತ ಬಂದೆ. ಸತ್ತೋಳು ಬಂದು ಊಟ ಮಾಡಿಕೊಂಡು ಹೋದೆ. ಅಡುಗೆಗೆ ಉಪ್ಪು ಕಮ್ಮಿ ಇತ್ತು."

ಸೂಜಿಯಮ್ಮ ನಗಬೇಕೋ ಅಳಬೇಕೋ ತಿಳಿಯದೆ ಚಹಾ ತೆಗೆದುಕೊಂಡಳು. "ಏನು ಬೇಕು ಅಂತ ನೀವು ಹೇಳಲಿಲ್ಲ."

"ಅಂಗಡಿ ಬೇಡ. ಈ ವಯಸ್ಸಲ್ಲಿ ಶಟರ್ ಎಳೆಯೋ ಶಕ್ತಿ ಇಲ್ಲ ನಂಗೆ. ಅವನು ಬಾಯಿ ಬಿಟ್ಟು ಹೇಳಲಿ. ಅಷ್ಟೆ."

ಸೂಜಿಯಮ್ಮ ಆ ಮುಖವನ್ನು ನೋಡಿದಳು. ಇಷ್ಟು ವರ್ಷ ಸಾವಿರಾರು ಮುಖ ಓದಿದವಳಿಗೆ ಆ ದಪ್ಪ ಗಾಜಿನ ಹಿಂದಿನದನ್ನು ಓದಲಾಗಲಿಲ್ಲ. ನಿಜವೂ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಬೀಗ ಬದಲಾಯಿಸಿದ್ದಂತೂ ನಿಜ ಅನಿಸಿತು.

ಮನೆಗೆ ಬಂದು ಮಗಳಿಗೆ ಹೇಳಿದಳು, "ಇಬ್ಬರು ಹೇಳಬೇಕು ಅಂದ್ಯಲ್ಲ. ನನ್ನನ್ನೂ ಬರ್ಕೋ."

"ಅವರು ಹೇಳಿದ್ದನ್ನ ನೀನು ಹೇಳಿದ್ರೆ ಅದು ಎರಡಾಗಲ್ಲ ಅಮ್ಮ. ಫ್ರೇಮಿನ ವ್ಯಾಪಾರಿ ಹೇಳಿದ್ದಾರೆ, ಸಾಕು. ನೀನು ನೋಡಿದ್ದು ಮದುವೆ ಮನೇದು ಮಾತ್ರ." ಪೆನ್ನು ಕೆಳಗಿಟ್ಟು, "ಆದ್ರೂ ಹೋಗಿ ಬಂದ್ಯಲ್ಲ," ಎಂದಳು.

ಬರಹ ಒಪ್ಪಿಸುವ ಹಿಂದಿನ ಸಂಜೆ ಮಗಳು ಅಜ್ಜನ ಬಾಗಿಲು ತಟ್ಟಿದಳು. "ಅಜ್ಜ, ನಾಳೆ ಕೊಡ್ತಿದ್ದೀನಿ. ನಿಮಗೆ ಓದಿ ಹೇಳದೆ ಕೊಡಬಾರದು. ಅವರಿಗೂ ಓದಿ ಹೇಳಿ ಬಂದಿದ್ದೀನಿ."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಾವ ಬಂದು ಹಜಾರದ ಕುರ್ಚಿಯಲ್ಲಿ ಕೂತು ಕಿವಿಗೆ ಯಂತ್ರ ಸಿಕ್ಕಿಸಿಕೊಂಡರು. ಗಂಡ ಅಂಗಡಿಯಿಂದ ಆಗಷ್ಟೇ ಬಂದಿದ್ದ, ಬೂಟು ಬಿಚ್ಚದೆ ನಿಂತ. ಸೂಜಿಯಮ್ಮ ಒಲೆ ಆರಿಸಿ ಬಂದಳು.

ಈ ಸಲ ಮಗಳು ಇಸ್ತ್ರಿ ಹಾಕಿದ ದನಿಯಲ್ಲಿ ಓದಲಿಲ್ಲ. ಮಾಮೂಲಿ ದನಿಯಲ್ಲೇ ಓದಿದಳು. ಅಂಗಡಿಯನ್ನು ಅಕ್ಕ ತಮ್ಮ ಸೇರಿ ತೆರೆದದ್ದು. ಗಾಜು ಉಜ್ಜುತ್ತಿದ್ದವಳು ಅಕ್ಕ. ಅದನ್ನು ಹಳೆಯ ವ್ಯಾಪಾರಿಯೊಬ್ಬರು ನೆನಪಿಸಿಕೊಂಡದ್ದು. ಒಂದು ಬೆಳಗ್ಗೆ ಬೀಗ ಬದಲಾಗಿತ್ತು ಎಂದು ಅಕ್ಕ ಹೇಳಿದ್ದು. ಕೊನೆಯಲ್ಲಿ: "ಈ ಬಗ್ಗೆ ಅವರ ಜೀವಿತಾವಧಿಯಲ್ಲಿ ಕೇಳಿದಾಗ, 'ಅಕ್ಕ ಸತ್ತು ಎಷ್ಟೋ ವರ್ಷವಾಯಿತು' ಎಂದು ಉತ್ತರಿಸಿದ್ದರು. ಅಕ್ಕ ಬದುಕಿದ್ದಾರೆ."

"ಮುಗೀತಾ?" ಎಂದರು ಮಾವ.

"ಮುಗೀತು ಅಜ್ಜ."

"ಕೊನೆ ಸಾಲು ಅದೇನಾ?"

"ಅದೇ."

ಮಾವ ಗೋಡೆ ನೋಡಿದರು. "ಇನ್ನೊಂದು ಸಲ ಓದು."

ಅವಳು ಓದಿದಳು.

"ಅದು ಸುಳ್ಳು," ಎಂದರು ಮಾವ.

ಗಂಡ ಒಮ್ಮೆಲೆ ಮುಂದೆ ಬಂದ. "ನಾನು ಹೇಳಲಿಲ್ವಾ! ಆ ಮುದುಕಿ—"

"ನೀನು ಸುಮ್ನಿರು. ನಾನು ಹೇಳಿದ್ದು ಸುಳ್ಳು ಅಂದೆ." "ಬೀಗ ನಾನೇ ಬದಲಾಯಿಸಿದ್ದು. ಹೆಂಡ್ತಿ ಹೇಳಿದ್ಲು ಅಂತ ಬರೀಬೇಡ. ಹೇಳಿದ್ಲು, ಆದ್ರೆ ಕೀಲಿ ತಿರುಗಿಸಿದ್ದು ನಾನು. ಬರ್ಕೋ."

ಮಗಳು ಬರೆದುಕೊಂಡಳು. 'ಕೀಲಿ' ಎಂಬ ಪದವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಳು. ಶಾಲೆಯಲ್ಲಿ ಹೇಳಿಕೊಡದೆ ಬಿಟ್ಟ ಪಾಠ ಇದೇ ಇರಬೇಕು ಎಂದು ಸೂಜಿಯಮ್ಮನಿಗೆ ಅನಿಸಿತು.

"ಅಪ್ಪ, ಇದು ಬರವಣಿಗೇಲಿ ಹೋದ್ರೆ ನಾಳೆ ಅಂಗಡಿ..."

"ಅಂಗಡಿಗೇನೂ ಆಗಲ್ಲ, ಹೆದರಬೇಡ. ನೀನೂ ನನ್ನ ಹಾಗೇ ಆಗಿದ್ದೀಯಲ್ಲೋ," ಎಂದರು ಮಾವ. ಆಮೇಲೆ ಸೊಸೆಯ ಕಡೆ ತಿರುಗಿ, "ನಿಂಗೆ ದಾರಿ ಗೊತ್ತಂತೆ. ನಾಳೆ ಕರ್ಕೊಂಡು ಹೋಗು," ಎಂದರು.

ಮರುದಿನ ಮಾವ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡರು. ಗಂಡ ಬಾಗಿಲ ತನಕ ಬಂದು ಅಪ್ಪನ ಕಾಲರು ಸರಿ ಮಾಡಿದ, ಜೇಬು ತಟ್ಟಿದ, 'ಹುಷಾರು' ಎಂದ. ಅಷ್ಟು ಪ್ರೀತಿ ಸೂಜಿಯಮ್ಮನಿಗೆ ಸರಿ ಕಾಣಲಿಲ್ಲ. ಬಸ್ ನಿಲ್ದಾಣದಲ್ಲಿ ಮಾವನ ಎದೆಯ ಜೇಬಿಗೆ ಕೈ ಹಾಕಿದಳು. ಮಡಚಿದ ಕಾಗದ. ಅಂಗಡಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂದು ಟೈಪು ಮಾಡಿಸಿ, ಕೆಳಗೆ ಅಕ್ಕನ ಸಹಿಗೆ ಜಾಗ ಬಿಟ್ಟಿತ್ತು.

"ಅವನು ಹಾಕಿದ್ದು," ಎಂದರು ಮಾವ. "ನಾನೇ ತೆಗೀಬೇಕು ಅಂತಿದ್ದೆ."

ಹೌದೋ ಅಲ್ಲವೋ ಎಂದು ಅವಳು ಅವರ ಮುಖ ನೋಡಲು ಹೋಗಲಿಲ್ಲ. ಕಾಗದವನ್ನು ಹರಿದು ನಿಲ್ದಾಣದ ಕಸದ ಡಬ್ಬಿಗೆ ಹಾಕಿದಳು. ಇನ್ನೊಂದು ಜೇಬನ್ನೂ ನೋಡಿದಳು. ಕರವಸ್ತ್ರವಿತ್ತು.

ತಗಡಿನ ಹಲಗೆಯ ಮುಂದೆ ಮಾವ ನಿಂತುಬಿಟ್ಟರು. "ಅವಳು ಬಾಗಿಲು ತೆಗೀತಾಳೆ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ ಮಾವ. ಹತ್ತಿ."

ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಬಾಗಿಲು ತಟ್ಟಿದವರು ಅವರೇ.

"ಯಾರು?" ಒಳಗಿನಿಂದ ಯಂತ್ರದ ಪೆಡಲು ನಿಂತ ಸದ್ದು.

ಮಾವ ಕಿವಿಯ ಯಂತ್ರವನ್ನು ಒತ್ತಿ ಸರಿ ಮಾಡಿಕೊಂಡರು.

"ಯಾರು ಅಂತ ಕೇಳಿದೆ."

"ನಾನು, ಅಕ್ಕ."

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಹತ್ತಿರದಲ್ಲೇ, ಬಾಗಿಲಿನ ಆಚೆಯಿಂದ, ಆ ದನಿ ಬಂತು. "ನೀನು ಸತ್ತೆ ಅಂತ ಮೊನ್ನೆ ತಾನೆ ನಿನ್ನ ಮೊಮ್ಮಗಳು ಬಂದು ಓದಿ ಹೇಳಿದ್ಲಲ್ಲೋ."

"ಇಲ್ಲ ಅಕ್ಕ. ಇದ್ದೀನಿ. ಅಂಗಡಿ ನಿಂದು ಅಂತ ಹೇಳೋಕೆ ಬಂದೆ. ಬೀಗ ಹಾಕಿದ್ದು ತಪ್ಪು ಅಂತ ಹೇಳೋಕೆ ಬಂದೆ."

ಬಾಗಿಲು ಸರಪಳಿಯಷ್ಟು ತೆರೆಯಿತು. ದೊಡ್ಡ ಕಣ್ಣುಗಳು ತಮ್ಮನ ಮುಖದ ಮೇಲೆ ನಿಂತವು, ಅಂಗಿಯ ಮೇಲೆ ಇಳಿದವು, ಅಲ್ಲಿಂದ ಅವನನ್ನು ದಾಟಿ ಹಿಂದೆ ನಿಂತವಳ ಮೇಲೆ ಬಂದವು.

"ಇವನ ಹತ್ರ ಏನಾದ್ರೂ ಕಾಗದ ಇದ್ಯಾ?"

"ಇಲ್ಲಮ್ಮ," ಎಂದಳು ಸೂಜಿಯಮ್ಮ. "ನಾನೇ ಜೇಬು ನೋಡಿ ಕರ್ಕೊಂಡು ಬಂದಿದ್ದೀನಿ."

ಸರಪಳಿ ಕಳಚಿ ಬಿತ್ತು. ಮುದುಕಿ ಬಾಗಿಲನ್ನು ಪೂರ್ತಿ ತೆರೆಯದೆ, ಆದರೆ ಒಬ್ಬ ಮನುಷ್ಯ ಒಳಗೆ ಬರುವಷ್ಟು ಸರಿಸಿ, ಬೆನ್ನು ತಿರುಗಿಸಿ ನಡೆದಳು.

"ಚಪ್ಪಲಿ ಹೊರಗೆ ಬಿಟ್ಟು ಬಾ," ಎಂದಳು.